ಗೊತ್ತಿಲ್ಲದವರ ಅಂದಾಜು

ಮೇಡಂ ನಿವೃತ್ತರಾದಾಗ ಕಚೇರಿಯವರು ಸ್ಮರಣ ಸಂಚಿಕೆಗೆಂದು ನನ್ನ ಕೈಲಿ ಎರಡು ಪುಟ ಬರೆಸಿಕೊಂಡು, ಓದಿ, ಹಿಂದಕ್ಕೆ ಕಳಿಸಿದರು. ಮೇಡಂ ಎಲ್ಲಿ ಓದಿದರು, ಯಾವ ಯಾವ ಹುದ್ದೆಯಲ್ಲಿದ್ದರು, ಯಾವ ಸಮಿತಿಗಳಲ್ಲಿ ಕೂತಿದ್ದರು ಎನ್ನುವುದು ಒಂದೂ ಅದರಲ್ಲಿ ಇರಲಿಲ್ಲವಂತೆ. ಬರೀ ಅವರ ಬೂಟು, ಅವರ ಮಂಡಕ್ಕಿ, ಅವರ ಜಗಳ. ಸಮಿತಿಗಳಲ್ಲಿ ಕೂತವರಿಗೆ ದೆಹಲಿಯಲ್ಲಿ ಬರವಿಲ್ಲ, ಎದ್ದು ಹೊರಗೆ ಬಂದವರು ಎಷ್ಟು ಜನ ಇದ್ದಾರೆ ತೋರಿಸಿ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಆ ಎರಡು ಪುಟವನ್ನೇ ಹಿಗ್ಗಿಸಿ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬಯ್ಯುತ್ತಾರೆ. ಅವರ ಬೈಗುಳ ನನಗೆ ಚೆನ್ನಾಗಿ ಪರಿಚಯವಿದೆ.

ನಾನು ಅವರ ಕೈಕೆಳಗೆ ಸೇರಿದ್ದು ಎರಡು ಸಾವಿರದ ನಂತರದ ಮೊದಲ ದಶಕದಲ್ಲಿ. ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ಸಂಖ್ಯಾಶಾಸ್ತ್ರ ಓದಿ ಮುಗಿಸಿದ್ದೆ. ಊರಿಗೆ ಮರಳಲು ಮನಸ್ಸಿರಲಿಲ್ಲ, ಇಲ್ಲೇ ಇರಲು ಕೆಲಸವಿರಲಿಲ್ಲ. ಅವರ ಕಚೇರಿ ಓಖ್ಲಾದಲ್ಲಿ, ರಫ್ತಿಗೆ ಅಂಗಿ ಹೊಲಿಯುವ ಕಾರ್ಖಾನೆಯೊಂದರ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಹೊಲಿಗೆ ಯಂತ್ರಗಳು ಶುರುವಾದರೆ ನಮ್ಮ ಮೇಜಿನ ಮೇಲಿನ ಪೆನ್ನುಗಳು ತಾವಾಗಿಯೇ ಉರುಳತೊಡಗುತ್ತಿದ್ದವು. ಸಂದರ್ಶನಕ್ಕೆ ಹೋದ ದಿನ ನನ್ನ ಕಾಗದಪತ್ರದಲ್ಲಿ ರಾಯಚೂರು ಎಂಬ ಹೆಸರು ಕಂಡದ್ದೇ ತಡ, ಮೇಡಂ ಇಂಗ್ಲಿಷನ್ನು ಪಕ್ಕಕ್ಕಿಟ್ಟು ದಾವಣಗೆರೆಯ ಕನ್ನಡಕ್ಕೆ ಇಳಿದರು.

"ಕೆಳಗಡೆ ಹೊಲಿತಾ ಇದಾರಲ್ಲ, ಅವರಲ್ಲಿ ಎಷ್ಟು ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಆದರೆ ಇರೋದು ಅವರಿಗೇ ಗೊತ್ತಿಲ್ಲ? ಹೇಳು."

"ಗೊತ್ತಿಲ್ಲದೋರನ್ನ ಹೆಂಗ್ ಎಣಿಸೋದು ಮೇಡಂ? ಅವರನ್ನೇ ಕೇಳಿದರೆ ಇಲ್ಲ ಅಂತಾರೆ."

"ಎಣಿಸು ಅಂತ ಯಾರಪ್ಪಾ ಹೇಳಿದ್ರು ನಿನಗೆ? ಎಣಿಸೋಕೆ ಬೆರಳಿದ್ರೆ ಸಾಕು. ನಾನು ಕೇಳ್ತಾ ಇರೋದು ಅಂದಾಜು. ಅದಕ್ಕೆ ಧೈರ್ಯ ಬೇಕು."

ನಾನು ಬಾಯಿಗೆ ಬಂದ ಸಂಖ್ಯೆ ಹೇಳಿದೆ. ಅವರು ಅದು ಸರಿಯೋ ತಪ್ಪೋ ಎನ್ನಲಿಲ್ಲ. "ಎಷ್ಟು ತಪ್ಪಿರಬಹುದು?" ಎಂದು ಕೇಳಿದರು. ತುಂಬಾ ತಪ್ಪಿರಬಹುದು ಎಂದೆ. ಆ ಉತ್ತರಕ್ಕೆ ಕೆಲಸ ಸಿಕ್ಕಿತು. ಅಂದಿನಿಂದ ನನ್ನ ಹೆಸರು ರಾಯಚೂರು. ಅವರು ಕೆಲಸದವರನ್ನೆಲ್ಲ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ನಮ್ಮ ವಾಹನ ಓಡಿಸುವವನು ಅಲೀಗಢ, ಲೆಕ್ಕಪತ್ರ ನೋಡುವವರು ಕೊಟ್ಟಾಯಂ. ನನ್ನ ನಿಜವಾದ ಹೆಸರು ಅವರಿಗೆ ನೆನಪಿತ್ತೋ ಇಲ್ಲವೋ ಎಂಬ ಬಗ್ಗೆ ನನಗೆ ಈಗಲೂ ಅನುಮಾನವಿದೆ.

ಆ ಎರಡು ಪ್ರಶ್ನೆ ಅವರ ಬಾಯಿಯಿಂದ ಎಲ್ಲಿ ಬೇಕಾದರೂ ಬರುತ್ತಿತ್ತು. ಎಷ್ಟು? ಎಷ್ಟು ತಪ್ಪಿರಬಹುದು? ಆಟೋದವನು ಫರೀದಾಬಾದಿಗೆ ಅರ್ಧ ಗಂಟೆ ಅಂದರೆ, "ಭಯ್ಯಾ, ಔರ್ ಗಲತ್ ಕಿತನಾ ಹೋ ಸಕತಾ ಹೈ?" ಎಂದು ಕೇಳುವರು. ಅವನು ಕನ್ನಡಿಯಲ್ಲಿ ಇವರ ಮುಖವನ್ನೇ ದಿಟ್ಟಿಸುವನು. ಮನೆಯಲ್ಲಿ ಮಗಳು ಹತ್ತು ನಿಮಿಷದಲ್ಲಿ ಬರುತ್ತೇನೆ ಅಂದರೂ ಅದೇ ಗತಿ. ಆ ಹುಡುಗಿ ದೆಹಲಿಯಲ್ಲೇ ಹುಟ್ಟಿ ಬೆಳೆದವಳು. "ಅಮ್ಮಾ, ಪ್ಲೀಸ್ ಯಾರ್, ಹರ್ ಬಾತ್ ಮೇಂ ಎಷ್ಟು ತಪ್ಪು ಅಂತ ಕೇಳಬೇಡ ನಾ," ಎಂದು ಮೂರು ಭಾಷೆಯಲ್ಲಿ ಒಟ್ಟಿಗೆ ಗೋಗರೆಯುತ್ತಿದ್ದಳು. ಭಾನುವಾರ ನಾವು ಒಂದಿಬ್ಬರು ಕನ್ನಡದವರು ಅವರ ಮನೆಗೆ ಮಂಡಕ್ಕಿ ತಿನ್ನಲು ಹೋಗುತ್ತಿದ್ದೆವು. ಇಲ್ಲಿಯ ಮಂಡಕ್ಕಿಗೆ ಜೀವವೇ ಇಲ್ಲ, ಇಲ್ಲಿಯ ಮೆಣಸಿನಕಾಯಿಗೆ ಮಾನವೇ ಇಲ್ಲ ಎಂದು ಬಯ್ಯುತ್ತಲೇ ರಾಶಿಗಟ್ಟಲೆ ಬಡಿಸುವರು. ನಾವು ಬಯ್ಯದೆ ತಿನ್ನುತ್ತಿದ್ದೆವು.

ನಮ್ಮ ಕೆಲಸ ಕೇಳಲು ಸುಲಭ. ಓಖ್ಲಾ, ಫರೀದಾಬಾದ್, ಘಾಜಿಯಾಬಾದ್ ಸುತ್ತಲಿನ ಬಡಾವಣೆಗಳಲ್ಲಿ ಚೀಟಿ ಎತ್ತಿದಂತೆ ಮನೆಗಳನ್ನು ಆರಿಸುವುದು. ಮನೆಗೊಬ್ಬರನ್ನು ಅದೇ ರೀತಿ ಆರಿಸುವುದು. ಬೆಳಿಗ್ಗೆ ಅವರು ಏನೂ ತಿನ್ನುವ ಮುಂಚೆ ಹೋಗಿ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಯಂತ್ರಕ್ಕೆ ಕೊಟ್ಟು ಸಕ್ಕರೆ ನೋಡುವುದು. ಆಮೇಲೆ, ನಿಮಗೆ ಡಯಾಬಿಟೀಸ್ ಇದೆ ಎಂದು ಯಾವ ಡಾಕ್ಟರಾದರೂ ಹೇಳಿದ್ದರೇ ಎಂದು ಕೇಳುವುದು. ಸಕ್ಕರೆ ಹೆಚ್ಚಿದ್ದು, ಯಾರೂ ಹೇಳಿಲ್ಲ ಎಂದವರು ಗೊತ್ತಿಲ್ಲದವರು. ಅವರ ಸಂಖ್ಯೆಯಿಂದ ಇಡೀ ಪ್ರದೇಶದಲ್ಲಿ ಅಂಥವರು ಎಷ್ಟು ಎಂದು ಅಂದಾಜು ಕಟ್ಟುವುದು. ಬೆರಳು ಚುಚ್ಚುವುದು ನನ್ನ ಪಾಲು. ಕಲಿತದ್ದು ಸಂಖ್ಯಾಶಾಸ್ತ್ರ, ಮಾಡಿದ್ದು ಸೂಜಿ ಕೆಲಸ ಎಂದು ಮನೆಗೆ ಬರೆಯಲು ಹೋಗಲಿಲ್ಲ.

ಚಳಿಗಾಲದ ಮಂಜಿನಲ್ಲಿ ಮೇಡಂ ಇಳಕಲ್ ಸೀರೆಯನ್ನು ಒಂದು ಗೇಣು ಮೇಲೆತ್ತಿ ಕಟ್ಟಿ, ಅದರ ಕೆಳಗೆ ಬಿಳಿಯ ಓಟದ ಬೂಟು ಹಾಕಿ, ಮೇಲೊಂದು ಗಂಡಸರ ಜಾಕೆಟ್ಟು ತೊಟ್ಟು ಗಲ್ಲಿಗಳಲ್ಲಿ ಬಿರಬಿರನೆ ನಡೆಯುತ್ತಿದ್ದರು. ಅವರ ದರ್ಜೆಯವರು ಯಾರೂ ಬಡಾವಣೆಗಳಿಗೆ ಬರುತ್ತಿರಲಿಲ್ಲ. ಕಚೇರಿಯಲ್ಲಿ ಕೂತು ನಾವು ತಂದ ಸಂಖ್ಯೆಗಳನ್ನು ಬೇಯಿಸುತ್ತಿದ್ದರು. ಮೇಡಂ ಹಾಗಲ್ಲ, ತರಕಾರಿಯನ್ನು ತಾವೇ ಆರಿಸಬೇಕು ಎನ್ನುವವರು. ಗಲ್ಲಿಯ ಜನ ಅವರಿಗೆ ಶುಗರ್‌ವಾಲೀ ಮೇಡಂ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವರಿಗೆ ಇಷ್ಟವಾಗಿತ್ತು, ಆದರೆ ಇಷ್ಟವಿಲ್ಲದಂತೆ ಮುಖ ಮಾಡುತ್ತಿದ್ದರು.

ನನ್ನ ಹಿಂದಿ ಅವರಿಗೆ ದೊಡ್ಡ ತಮಾಷೆ. ನನ್ನ ಮನೆಮಾತು ರಾಯಚೂರಿನ ಉರ್ದು. ನಾನು ಬಾಯಿ ಬಿಟ್ಟರೆ ಘಾಜಿಯಾಬಾದಿನ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. "ಡರೋ ನಕ್ಕೋ ಮಾಜೀ," ಎಂದು ಹೆದರಬೇಡಿ ಅಮ್ಮಾ ಎನ್ನಲು ಹೊರಟರೆ ಸಾಕು, ಒಳಗಿದ್ದವರೂ ಹೊರಗೆ ಬಂದು ಇನ್ನೊಮ್ಮೆ ಹೇಳು ಎನ್ನುವರು. ಮೇಡಂ ಇದನ್ನು ಚೆನ್ನಾಗಿ ಬಳಸಿಕೊಂಡರು. ಬಾಗಿಲು ತೆರೆಯದ ಮನೆ ಎದುರಾದರೆ, "ಹೋಗು ರಾಯಚೂರು, ಸ್ವಲ್ಪ ಉರ್ದು ಮಾತಾಡು," ಎಂದು ನನ್ನನ್ನು ಮುಂದೆ ದೂಡುತ್ತಿದ್ದರು.

ಪ್ರಶ್ನೆ ಕೇಳುವುದರಲ್ಲಿ ಅವರ ಬುದ್ಧಿ ಎಷ್ಟು ಚುರುಕು ಎಂದು ನನಗೆ ಗೊತ್ತಾದದ್ದು ಚಹಾದಿಂದ. ಖಾಲಿ ಹೊಟ್ಟೆಯಲ್ಲಿದ್ದೀರಾ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಿದ್ದರು. ಆದರೆ ಆ ಕಡೆ ಬೆಳಗಿನ ಚಹಾವನ್ನು ಯಾರೂ ತಿಂಡಿ ಎಂದು ಎಣಿಸುವುದಿಲ್ಲ. ಹಾಲು, ಸಕ್ಕರೆ ಸುರಿದ ಒಂದು ಗ್ಲಾಸು ಕುಡಿದೂ ಹೊಟ್ಟೆ ಖಾಲಿಯೇ. ನಾನು ಜನರನ್ನು ಗದರಿಸಲು ಶುರುಮಾಡಿದೆ. ಮೇಡಂ ನನ್ನನ್ನು ಗದರಿಸಿದರು. ಮರುದಿನದಿಂದ ಅವರ ಪ್ರಶ್ನೆ ಬದಲಾಯಿತು. ಬಾಗಿಲಲ್ಲೇ ನಿಂತು ಬಹಳ ಸಲಿಗೆಯಿಂದ, "ಇವತ್ತು ಚಹಾಕ್ಕೆ ಸಕ್ಕರೆ ಎಷ್ಟು ಚಮಚ ಹಾಕಿಕೊಂಡ್ರಿ?" ಎಂದು ಕೇಳುವರು. ಕುಡಿದವರು ಲೆಕ್ಕ ಹೇಳಿಬಿಡುತ್ತಿದ್ದರು. ಕುಡಿಯದವರು ಮಾತ್ರ, ಇನ್ನೂ ಕುಡಿದೇ ಇಲ್ಲವಲ್ಲ, ನೀವು ಬರುತ್ತೀರಿ ಅಂತ ಕಾಯುತ್ತಿದ್ದೆವಲ್ಲ ಎಂದು ಸಿಡುಕುತ್ತಿದ್ದರು. "ಸಿಡುಕಿದೋರ ಬೆರಳು ಚುಚ್ಚು, ಉಳಿದೋರಿಗೆ ನಾಳೆ ಬರ್ತೀವಿ ಅನ್ನು," ಎಂದು ನನಗೆ ಅಪ್ಪಣೆಯಾಯಿತು. ಜನ ಸುಳ್ಳು ಹೇಳಿದರೆ ಅದು ಕೇಳಿದವರ ತಪ್ಪು ಎನ್ನುವುದು ಅವರ ಖಚಿತ ನಂಬಿಕೆ.

ಅಂಥವರೂ ಒಂದು ಸಂಗತಿಯನ್ನು ಬಹಳ ದಿನ ಗಮನಿಸಿರಲಿಲ್ಲ. ಅದು ಗೊತ್ತಾದದ್ದು ಘಾಜಿಯಾಬಾದಿನ ಒಂದು ಮನೆಯಲ್ಲಿ. ಆ ಮನೆಯ ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಆ ಮನೆಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ ಎಂಬ ಧೈರ್ಯವೂ ಇದೆ.

ಚೀಟಿಯಲ್ಲಿ ಬಂದದ್ದು ಆ ಮನೆಯ ಸೊಸೆಯ ಹೆಸರು. ಮದುವೆಯಾಗಿ ವರ್ಷವೋ ಏನೋ ಆಗಿತ್ತು. ಸಣಕಲು ಹುಡುಗಿ. ಗಂಡ ನೋಯ್ಡಾದ ಕೆಲಸಕ್ಕೆ ಆಗಲೇ ಹೊರಟುಹೋಗಿದ್ದ. ಮಾವನವರು ಬಿಸಿಲಿಗೆಂದು ಮಹಡಿಯ ಮೇಲಿದ್ದರು. ಅತ್ತೆ ಸೊಸೆಯ ಭುಜಕ್ಕೆ ಭುಜ ತಾಗಿಸಿ ದಿವಾನಿನ ಮೇಲೆ ಕೂತಿದ್ದರು. ದಪ್ಪಗೆ, ಗಟ್ಟಿ ದನಿಯ, ನಾವು ಒಳಗೆ ಬರುವಾಗ ಪಾದರಕ್ಷೆ ಸಾಲಾಗಿ ಬಿಟ್ಟೆವೋ ಇಲ್ಲವೋ ಎಂದು ನೋಡುವ ಹೆಂಗಸು. ಡಾಕ್ಟರು ಯಾವಾಗಲಾದರೂ ಶುಗರ್ ಇದೆ ಅಂದಿದ್ದರೇ ಎಂದು ನಾನು ಕೇಳಿದೆ. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ, "ಇಸ್ ಉಮರ್ ಮೇಂ, ಈ ವಯಸ್ಸಲ್ಲಿ ಶುಗರ್? ಏನು ಮಾತು ಆಡ್ತೀಯಪ್ಪಾ!" ಎಂದರು. ಸೊಸೆ ಇಲ್ಲವೆಂದು ತಲೆಯಾಡಿಸಿದಳು. ನಾನು ಇಲ್ಲ ಎಂದು ಗುರುತು ಹಾಕಿಕೊಂಡು ಸೂಜಿ ತೆಗೆದೆ.

ಆಗ ಅವಳು ಕೈ ಚಾಚಿದಳು. ಮೊದಲ ಬಾರಿ ಚುಚ್ಚಿಸಿಕೊಳ್ಳುವವರು ತೋರುಬೆರಳನ್ನೇ ಮುಂದೆ ಮಾಡುತ್ತಾರೆ, ಅದರ ಮೆತ್ತನೆಯ ನಡುಭಾಗವನ್ನು, ಮುಖ ಆಚೆ ತಿರುಗಿಸಿ. ಇವಳು ಎಡಗೈಯ ಉಂಗುರದ ಬೆರಳನ್ನು ಬುಡದಿಂದ ತುದಿಗೆ ಎರಡು ಸಲ ನೀವಿ, ನೋವಾಗದ ಅಂಚನ್ನು ನನ್ನ ಕಡೆಗೆ ಓರೆಮಾಡಿ ಹಿಡಿದಳು. ಮುಖ ತಿರುಗಿಸಲಿಲ್ಲ. ನಾನು ಚುಚ್ಚಲು ಹೊರಟೆ. ಮೇಡಂ ನನ್ನ ಮಣಿಕಟ್ಟು ಹಿಡಿದರು.

"ಒಂದು ನಿಮಿಷ. ಬೇಟೀ, ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಮುಟ್ಟಿದ್ದೆಯಾ? ಬೆರಳಿಗೆ ಸಕ್ಕರೆ ಅಂಟಿದ್ದರೆ ಯಂತ್ರ ತಪ್ಪು ತೋರಿಸತ್ತೆ. ಬಾ, ಕೈ ತೊಳೆಸ್ತೀನಿ."

ಅದು ನಿಜವಾದ ಮಾತೇ. ಆದರೆ ಕೈ ತೊಳೆಸಲು ಮೇಡಂ ಯಾರ ಜೊತೆಗೂ ಎದ್ದು ಹೋದವರಲ್ಲ. ಹೋಗುತ್ತಾ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ರಾಯಚೂರು, ಅತ್ತೇನ ಹಿಡ್ಕೋ," ಎಂದರು. ನಾನು ನನ್ನ ಉರ್ದುವಿನ ಅಂಗಡಿ ತೆರೆದೆ. ನಮ್ಮೂರಿನ ಬಿಸಿಲು, ನಮ್ಮಮ್ಮನ ಮಂಡಿನೋವು, ಇಲ್ಲಿಯ ರೊಟ್ಟಿ, ಎಲ್ಲ ಮಾತಾಡಿದೆ. ಅತ್ತೆ ನಕ್ಕರು, ಆದರೆ ಕಣ್ಣು ಆಗಾಗ ಒಳಬಾಗಿಲಿನ ಕಡೆಗೆ ಹೋಗುತ್ತಿತ್ತು. ಒಳಗೆ ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು.

ಅಲ್ಲಿ ನಡೆದದ್ದನ್ನು ಮೇಡಂ ಆಮೇಲೆ ಹೇಳಿದರು. ಅವರು ಕೇಳಿದ್ದು ಒಂದೇ ಮಾತು. ದಿನಕ್ಕೆ ಎಷ್ಟು ಸಲ ಚುಚ್ಕೋತೀಯಾ? ಹುಡುಗಿ ನಲ್ಲಿ ಹಿಡಿದುಕೊಂಡು ಅತ್ತುಬಿಟ್ಟಳಂತೆ. ಶಾಲೆಗೆ ಹೋಗುವಾಗಿನಿಂದಲೇ ಇದ್ದ ಕಾಯಿಲೆ. ಇನ್ಸುಲಿನ್ ಇಲ್ಲದೆ ಬದುಕುವಂತಿಲ್ಲ. ಸಂಬಂಧ ಕೂಡಿಸುವಾಗ ತವರಿನವರು ಬಚ್ಚಿಟ್ಟರು, ಗಂಡನಿಗೂ ಹೇಳಿಲ್ಲ. ಎಲ್ಲರೂ ಆಚೀಚೆ ಇದ್ದಾಗ ಬಚ್ಚಲಲ್ಲಿ ನಿಂತು ಚುಚ್ಚಿಕೊಳ್ಳುತ್ತಾಳೆ, ಮನೆಯಲ್ಲಿ ಜನ ತುಂಬಿದ್ದ ದಿನ ಬಿಟ್ಟುಬಿಡುತ್ತಾಳೆ. ಈಗ ನೀವು ಯಂತ್ರ ನೋಡಿ ಸಂಖ್ಯೆ ಹೇಳಿದರೆ ನನ್ನನ್ನು ತವರಿಗೆ ಅಟ್ಟುತ್ತಾರೆ, ಹೇಗಾದರೂ ಸರಿಯಿದೆ ಎಂದು ಹೇಳಿ ಎಂದು ಮೇಡಂ ಕೈ ಹಿಡಿದುಕೊಂಡಳಂತೆ.

"ಸರಿಯಿದೆ ಅಂತ ಹೇಳಿದ್ರೆ ನೀನು ಸತ್ತೋಗ್ತೀಯ," ಎಂದರಂತೆ ಮೇಡಂ. "ಇದೆ ಅಂತಲೇ ಹೇಳ್ತೀನಿ. ನನ್ನ ಮುಖ ನೋಡ್ಕೊಂಡು ಸುಮ್ಮನೆ ಕೂತ್ಕೋ."

ಇಬ್ಬರೂ ಬಂದು ಕೂತರು. ನಾನು ಚುಚ್ಚಿದೆ. ಯಂತ್ರದಲ್ಲಿ ಬಂದ ಸಂಖ್ಯೆ ನೋಡಿ ಅದನ್ನು ಮೇಡಂ ಕೈಗೆ ಕೊಟ್ಟೆ. ಮೇಡಂ ಅದನ್ನು ಅತ್ತೆಯ ಕಣ್ಣಿಗೆ ಹಿಡಿದು, ಯಾವ ಅವಸರವೂ ಇಲ್ಲದೆ ಹೇಳಿದರು. "ಇವತ್ತು ನಿಮ್ಮ ಸೊಸೆಯ ರಕ್ತದಲ್ಲಿ ಶುಗರ್ ತುಂಬಾ ಇದೆ. ಈ ವಯಸ್ಸಿನವರಿಗೆ ಬರೋ ಈ ಥರದ್ದು ಮಾತ್ರೆಗೆ ಬಗ್ಗೋದಿಲ್ಲ, ಇಂಜೆಕ್ಷನ್ನೇ ಬೇಕು. ಔಷಧಿ ಫ್ರಿಜ್ಜಲ್ಲಿ ಇಡಬೇಕು. ದಿನಾ, ತಪ್ಪದೇ, ಎಲ್ಲರ ಎದುರಿಗೇ ತಗೋಬೇಕು. ಇವತ್ತಿನಿಂದಲೇ."

ಒಂದೊಂದು ಮಾತೂ ನಿಜ. ಅದರಲ್ಲಿ ಸುಳ್ಳು ಹುಡುಕಿದರೆ ಸಿಗುವುದಿಲ್ಲ, ನಾನು ಎಷ್ಟೋ ಸಲ ಹುಡುಕಿ ನೋಡಿದ್ದೇನೆ. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಹಾಯ್ ರಾಮ್ ಎಂದರು. ಆಮೇಲೆ "ಮಕ್ಕಳಾಗ್ತವಲ್ಲ?" ಎಂದು ಕೇಳಿದರು.

"ಸೂಜಿ ಸರಿಯಾಗಿ ತಗೊಂಡರೆ ಆಗ್ತವೆ."

"ಹಾಗಾದರೆ ತಗೋತಾಳೆ," ಎಂದರು ಅತ್ತೆ. ಅಷ್ಟೇ. ಎದ್ದು ಹೋಗಿ ಮಹಡಿಯ ಮೆಟ್ಟಿಲ ಬಳಿ ನಿಂತು ಮಾವನನ್ನು ಕೂಗಿದರು. ಡಾಕ್ಟರ್‌ನಿಯೇ ಬಂದು ಕಂಡುಹಿಡಿದಿದ್ದಾರೆ, ಸರ್ಕಾರಿ ಯಂತ್ರದಲ್ಲಿ ಬಂದಿದೆ ಎಂದು ಮೊಹಲ್ಲಾ ಕೇಳುವಂತೆ ಹೇಳಿದರು. ಮೇಡಂ ಡಾಕ್ಟರೂ ಅಲ್ಲ, ಯಂತ್ರ ಸರ್ಕಾರದ್ದೂ ಅಲ್ಲ. ನಾವು ಯಾರೂ ತಿದ್ದಲಿಲ್ಲ.

ವಾಹನ ಹತ್ತಿದ ಮೇಲೆ ಮೇಡಂ ಗೆದ್ದವರ ಹಾಗೆ ಕಾಲು ಚಾಚಿ ಕೂತರು. "ಅತ್ತೆ ಎಷ್ಟು ಬೇಗ ಒಪ್ಪಿದಳು ನೋಡು. ನಾನು ಹೇಳಿದ ಮೇಲೆ ಒಪ್ಪದೆ ಏನು?" ಎಂದರು. ಆ ಹುಡುಗಿಗಾಗಿ ತಮಗೆ ಗೊತ್ತಿರುವ ಒಬ್ಬ ಡಾಕ್ಟರಿಗೆ ಆಗಲೇ ಫೋನ್ ಮಾಡಿ ಇದ್ದದ್ದನ್ನು ಇದ್ದಹಾಗೆ ತಿಳಿಸಿದರು. ಗಂಡನಿಗೆ ಯಾವಾಗ ಹೇಳಬೇಕು ಎನ್ನುವುದು ಅವಳಿಗೆ ಬಿಟ್ಟದ್ದು ಎಂದರು. ಸಮೀಕ್ಷೆಯಲ್ಲಿ ಅವಳನ್ನು ಎಲ್ಲಿ ಸೇರಿಸಲಿ ಎಂದು ನಾನು ಕೇಳಿದೆ.

"ಗೊತ್ತಿದ್ದವರು ಅಂತ."

"ಮನೇಲಿ ಈಗತಾನೇ ಗೊತ್ತಾಯ್ತು ಅನ್ನೋ ಹಂಗೆ ಹೇಳಿದ್ರಲ್ಲ ಮೇಡಂ."

"ಮನೆಗೆ ಹೇಳಿದ್ದು ಮನೆಗೆ. ಲೆಕ್ಕಕ್ಕೆ ಹೇಳೋದು ಲೆಕ್ಕಕ್ಕೆ. ಎರಡೂ ನಿಜವೇ, ಒಂದನ್ನ ತಗೊಂಡು ಹೋಗಿ ಇನ್ನೊಂದರಲ್ಲಿ ಹಾಕಬೇಡ."

ಯಮುನಾ ಸೇತುವೆಯ ಮೇಲೆ ವಾಹನಗಳು ಎಂದಿನಂತೆ ಕಟ್ಟಿಕೊಂಡು ನಿಂತಿದ್ದವು. ಅಲೀಗಢ ಎಂಜಿನ್ ಆರಿಸಿದ. ಮೇಡಂ ಚಾಚಿದ ಕಾಲನ್ನು ಹಿಂದಕ್ಕೆಳೆದು ನೆಟ್ಟಗೆ ಕೂತರು. "ರಾಯಚೂರು, ಇಂಥವರು ಎಷ್ಟು ಜನ?" ಎಂದರು. ನನಗೆ ಅರ್ಥವಾಗುವಷ್ಟರಲ್ಲಿ ಅವರ ಮುಖ ಕೆಂಪಾಗಿತ್ತು. ಇಷ್ಟು ದಿನ ನಾವು ಗೊತ್ತಿಲ್ಲದವರು ಎಂದು ಒಟ್ಟುಗೂಡಿಸಿದವರಲ್ಲಿ ಎಷ್ಟು ಜನ ಗೊತ್ತಿದ್ದೂ ಬಚ್ಚಿಟ್ಟವರು? ಅತ್ತೆಯ ಪಕ್ಕ ಕೂಡಿಸಿ ಸೊಸೆಯನ್ನು ಕೇಳಿದ್ದೆವು. ಮೇಸ್ತ್ರಿಯ ಎದುರಿಗೆ ಕಾರ್ಮಿಕನನ್ನು ಕೇಳಿದ್ದೆವು. ಗಂಡು ನೋಡುತ್ತಿದ್ದ ಮನೆಯ ಹುಡುಗಿಯನ್ನು ಅಕ್ಕಪಕ್ಕದವರೆಲ್ಲ ನೆರೆದ ಅಂಗಳದಲ್ಲಿ ಕೇಳಿದ್ದೆವು. ಇಲ್ಲ ಎನ್ನದೆ ಅವರು ಇನ್ನೇನು ಹೇಳಬೇಕಿತ್ತು?

ಕಚೇರಿಯಲ್ಲಿ ಆಗ ಗೊತ್ತಿಲ್ಲದವರ ದೊಡ್ಡ ಸಂಖ್ಯೆಯೊಂದು ಸಿದ್ಧವಾಗಿ ಕೂತಿತ್ತು. ನಮ್ಮ ನಿರ್ದೇಶಕರು ಅದನ್ನು ಹೋಟೆಲಿನ ಸಭೆಯಲ್ಲಿ, ಪತ್ರಿಕೆಯವರ ಎದುರು ಬಿಡುಗಡೆ ಮಾಡುವವರಿದ್ದರು. ಅವರು ಕೆಟ್ಟವರಲ್ಲ. ಸಂಖ್ಯೆ ದೊಡ್ಡದಾದಷ್ಟೂ ಜನ ಹೆದರುತ್ತಾರೆ, ಹೆದರಿದರೆ ಹಣ ಬರುತ್ತದೆ, ಹಣ ಬಂದರೆ ಒಳ್ಳೆಯದಾಗುತ್ತದೆ ಎಂದು ನಂಬಿದ್ದರು, ಅಷ್ಟೇ. ಮೇಡಂ ನನ್ನನ್ನೂ ಎಳೆದುಕೊಂಡು ಅವರ ಕೋಣೆಗೆ ಹೋಗಿ, ಇದು ತಪ್ಪು, ತಡೆಯಿರಿ ಎಂದರು.

"ತಪ್ಪು ಎಷ್ಟು?" ಎಂದರು ನಿರ್ದೇಶಕರು, ಮೇಡಂ ಮಾತನ್ನೇ ಅವರಿಗೆ ತಿರುಗಿಸಿ.

"ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದು ಗೊತ್ತಾಗಿದೆ, ಅದಕ್ಕೇ ಬಂದಿದೀನಿ."

"ಒಟ್ಟು ಕಾಯಿಲೆಯವರ ಸಂಖ್ಯೆ ಬದಲಾಗಲ್ವಲ್ಲ ಮೇಡಂ? ಗೊತ್ತಿದ್ದವರು, ಗೊತ್ತಿಲ್ಲದವರು, ಏನು ವ್ಯತ್ಯಾಸ?"

ಮೇಡಂ ಕೂರಲಿಲ್ಲ. ಮೇಜಿನ ಮೇಲೆ ಎರಡೂ ಕೈ ಊರಿದರು. "ಗೊತ್ತಿಲ್ಲದವರಿಗೆ ಬೇಕಾಗಿರೋದು ಪರೀಕ್ಷೆ. ಇವರಿಗೆ ಪರೀಕ್ಷೆ ಬೇಡ, ಅದು ಆಗಿದೆ. ಇವರಿಗೆ ಬೇಕಾಗಿರೋದು ಬಾಗಿಲು ಹಾಕಿದ ಒಂದು ಕೋಣೆ, ಕೆಲಸದಿಂದ ತೆಗೀದೇ ಇರೋ ಮಾಲೀಕ, ಮನೆಯಿಂದ ಅಟ್ಟದೇ ಇರೋ ಗಂಡ. ನಿಮ್ಮ ಸಂಖ್ಯೆ ನಂಬಿ ಸರ್ಕಾರ ಗಾಡಿಗಟ್ಟಲೆ ಸೂಜಿ ಕೊಂಡುಕೊಂಡು ಇವರ ಬೆರಳನ್ನೇ ಮತ್ತೆ ಮತ್ತೆ ಚುಚ್ಚತ್ತೆ. ಇವರು ಮತ್ತೆ ಮತ್ತೆ ಇಲ್ಲ ಅಂತಾರೆ, ಬಚ್ಚಲಲ್ಲಿ ನಿಂತು ಸಾಯ್ತಾರೆ. ಆ ಸಂಖ್ಯೆ ಓದೋದಾದ್ರೆ ನೀವೇ ಓದಿ, ನನ್ನ ಹೆಸರು ತೆಗೆದು ಓದಿ."

ಹೇಳಿ ಹೊರಗೆ ಬಂದುಬಿಟ್ಟರು. ನಾನು ಒಳಗೇ ಉಳಿದಿದ್ದೆ, ಎದ್ದು ಹೋಗಲು ನನಗೆ ಅಪ್ಪಣೆಯಾಗಿರಲಿಲ್ಲ. ನಿರ್ದೇಶಕರು ಕಿಟಕಿಯ ಹೊರಗೆ ನೋಡುತ್ತಾ, "ಇವರ ಹೆಸರಿಲ್ಲದೆ ಓದಿದರೆ ಯಾರು ನಂಬ್ತಾರೆ?" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಸಭೆ ಮುಂದಕ್ಕೆ ಹೋಯಿತು.

ನಾವು ಒಂದು ಪಾಲು ಮನೆಗಳಿಗೆ ಮತ್ತೆ ಹೋದೆವು. ಈ ಸಲ ಮೇಡಂ ಮಾಡಿದ ನಿಯಮ ಒಂದೇ. ಕೇಳುವಾಗ ಕೇಳುವವರು ಮತ್ತು ಹೇಳುವವರನ್ನು ಬಿಟ್ಟರೆ ಮೂರನೆಯವರು ಅಲ್ಲಿ ಇರಕೂಡದು. ಒಂದೇ ಕೋಣೆಯ ಮನೆಗಳಲ್ಲಿ ಅದೇನು ಸುಲಭವೇ? ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ, ನಮ್ಮ ವಾಹನದ ಹಿಂದಿನ ಸೀಟಿನಲ್ಲಿ ಕೂತು ಕೇಳಿದೆವು. ಮೂರನೆಯವರನ್ನು ಮಾತಿನಲ್ಲಿ ಕಟ್ಟಿಹಾಕುವುದು ನನ್ನ ಹೊಸ ಕೆಲಸ, ರಾಯಚೂರಿನ ಉರ್ದುವಿಗೆ ಆಗ ಬಂದ ಮರ್ಯಾದೆ ಆಮೇಲೆ ಎಂದೂ ಬರಲಿಲ್ಲ. ಫರೀದಾಬಾದಿನ ಲಾರಿ ಡ್ರೈವರ್ ಒಬ್ಬ ಲೈಸೆನ್ಸ್ ಹೋಗುತ್ತದೆಂದು ಹೆದರಿ ಹೆಂಡತಿಗೂ ಹೇಳಿರಲಿಲ್ಲ. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುವವನೊಬ್ಬ ಮಾತ್ರೆಯನ್ನು ವಿಟಮಿನ್ ಡಬ್ಬಿಯಲ್ಲಿಟ್ಟುಕೊಂಡಿದ್ದ. ನಿಜವಾಗಿಯೂ ಗೊತ್ತಿಲ್ಲದವರೂ ಬೇಕಾದಷ್ಟು ಜನ ಇದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಮೊದಲಿನ ಸಂಖ್ಯೆ ಕುಸಿಯಿತು. ಅದರ ಅಕ್ಕಪಕ್ಕದ ತಪ್ಪಿನ ಅಂತರ ಹಿಗ್ಗಿತು. ಮೇಡಂ ಆ ಕುಸಿದ ಸಂಖ್ಯೆಯನ್ನು ಹೋಟೆಲಿನ ಸಭೆಯಲ್ಲಿ ಮಗಳ ಮದುವೆ ಮಾಡಿದಷ್ಟು ಸಂಭ್ರಮದಿಂದ ಓದಿದರು. ಪತ್ರಿಕೆಯವರು ಸಮೋಸ ತಿಂದು ಹೋದರು. ಮರುದಿನ ಎಲ್ಲಿಯೂ ಒಂದು ಸಾಲು ಬರಲಿಲ್ಲ. ಮೇಡಂಗೆ ಅದರಿಂದ ಏನೂ ಬೇಸರವಾಗಲಿಲ್ಲ, ನನಗೆ ಆಯಿತು.

ಸಕ್ಕರೆ ತೀರ ಹೆಚ್ಚಿದ್ದವರು ಆಸ್ಪತ್ರೆಗೆ ಹೋದರೇ ಎಂದು ವಿಚಾರಿಸಿ ಬರುವುದು ಸಮೀಕ್ಷೆಯ ಕೊನೆಯ ಕೆಲಸ. ಹಾಗೆ ಬೇಸಿಗೆಯ ಹೊತ್ತಿಗೆ ಘಾಜಿಯಾಬಾದಿನ ಆ ಮನೆಗೆ ನಾನೊಬ್ಬನೇ ಹೋದೆ. ಸೊಸೆ ಬಾಗಿಲು ತೆರೆದಳು. ಮೈ ಕೈ ತುಂಬಿಕೊಂಡಿದ್ದಳು. ಈಗ ಎಲ್ಲರ ಎದುರಿಗೇ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ, ಮರೆತರೆ ಮಾವನವರೇ ಕೂಗಿ ನೆನಪಿಸುತ್ತಾರೆ ಎಂದಳು. ಗಂಡನಿಗೂ ಹೇಳಿದ್ದಳಂತೆ. ಅವನು ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಡಾಕ್ಟರ ಬಳಿ ಜೊತೆಗೆ ಹೋದನಂತೆ. ಆದರೆ ಮಮ್ಮೀಜಿಗೆ, ಎಂದರೆ ಅತ್ತೆಗೆ, ಮಾತ್ರ ಹಳೆಯದು ಗೊತ್ತಾಗುವುದು ಬೇಡ, ಅವರು ತಡೆಯಲಾರರು ಎಂದು ಪಿಸುಗುಟ್ಟಿ ಚಹಾ ಮಾಡಲು ಒಳಗೆ ಹೋದಳು.

ಮಮ್ಮೀಜಿ ನನ್ನನ್ನು ಬಾಗಿಲಾಚೆ ಮೆಟ್ಟಿಲಿಗೆ ಕರೆದುಕೊಂಡು ಬಂದರು. "ನಿಮ್ಮ ಮೇಡಂ ಚೆನ್ನಾಗಿ ಮಾತಾಡ್ತಾಳೆ," ಎಂದರು. "ಇವತ್ತು ಶುಗರ್ ಇದೆ ಅಂದಳು. ನಿನ್ನೆ ಇತ್ತೋ ಇಲ್ಲವೋ ಅಂತ ಹೇಳಲೇ ಇಲ್ಲ."

ಅವರು ದನಿ ತಗ್ಗಿಸಿದರು. ಆ ಹೆಂಗಸಿಗೆ ದನಿ ತಗ್ಗಿಸಲು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

"ಮದುವೆಯಾಗಿ ಬಂದ ಮೊದಲ ತಿಂಗಳೇ ನನಗೆ ಗೊತ್ತಾಯ್ತು. ಫ್ರಿಜ್ಜಿನಲ್ಲಿ ಅವಳದೊಂದು ಮೆಹಂದಿ ಡಬ್ಬಿ ಇತ್ತು. ಹೊಸ ಸೊಸೆ, ಮೆಹಂದಿ ಕೆಡದಿರಲಿ ಅಂತ ಇಟ್ಟಿದ್ದಾಳೆ ಅಂದುಕೊಂಡೆ. ಆದರೆ ಕೈಗೆ ಒಂದು ದಿನ ಮೆಹಂದಿ ಹಚ್ಚಿದವಳಲ್ಲ. ತೆಗೆದು ನೋಡಿದೆ. ಮೆಹಂದಿ ಕೋನುಗಳ ಕೆಳಗೆ ಸಣ್ಣ ಶೀಶೆ ಇತ್ತು. ನಮ್ಮಕ್ಕ ಅದೇ ಔಷಧಿ ತಗೋತಿದ್ದಳು, ಗುರುತು ಸಿಕ್ಕಿತು."

"ಹಾಗಾದರೆ ಕೇಳಲಿಲ್ಲ ಏಕೆ ಮಾಜೀ?"

"ಕೇಳಿದರೆ ಅವಳು ಹೇಳಬೇಕು. ಅವಳು ಹೇಳಿದರೆ ನಾನು ಹುಡುಗನ ಅಪ್ಪನಿಗೆ ಹೇಳಬೇಕು. ಅವರು ಅಣ್ಣತಮ್ಮಂದಿರನ್ನೆಲ್ಲ ಕೂಡಿಸ್ತಾರೆ, ಮೋಸ ಆಯ್ತು ಅಂತಾರೆ, ಹುಡುಗೀನ ವಾಪಸ್ ಕಳಿಸಿ ಅಂತಾರೆ. ಯಾರೂ ಏನೂ ಹೇಳದೇ ಇದ್ದರೆ ಯಾರಿಗೂ ಮೋಸ ಆಗಿಲ್ಲ, ಅಲ್ವಾ? ಅದಕ್ಕೆ ಸುಮ್ಮನಿದ್ದೆ. ನೀವು ಬಂದ ದಿನ ಅವಳು ಎಲ್ಲಿ ಬಾಯಿಬಿಡ್ತಾಳೋ ಅಂತ ಪಕ್ಕದಲ್ಲೇ ಕೂತಿದ್ದೆ." ಒಳಗೆ ಪಾತ್ರೆಯ ಸದ್ದಾಯಿತು, ಸ್ವಲ್ಪ ತಡೆದರು. "ಇಲ್ಲಿ ಬೇಸಿಗೆಯಲ್ಲಿ ಬಿಜಲೀ ಹೋದರೆ ದಿನವಿಡೀ ಬರೋದಿಲ್ಲ. ಫ್ರಿಜ್ಜಿನಲ್ಲಿ ಬೆಣ್ಣೆ ನೀರಾಗ್ತಿತ್ತು, ಹಾಲು ಒಡೀತಿತ್ತು. ಅವಳ ಡಬ್ಬಿ ಮಾತ್ರ ತಣ್ಣಗಿರ್ತಿತ್ತು. ಅಂಗಡಿಯಿಂದ ಐಸ್ ತಂದು ಅದರ ಸುತ್ತ ಇಡ್ತಿದ್ದವರು ಯಾರು ಅಂತ ಆ ಹುಚ್ಚಿ ಒಂದು ದಿನವಾದರೂ ಯೋಚಿಸಿದ್ದಾಳಾ?"

ನನಗೆ ಅಳು ಬಂತು, ನುಂಗಿಕೊಂಡೆ. ಅವರು ನನ್ನ ಭುಜಕ್ಕೆ ಒಂದು ಏಟು ಹಾಕಿದರು. "ಅವಳಿಗೆ ಹೇಳಬೇಡ. ನನಗೆ ಗೊತ್ತಿಲ್ಲ ಅಂದುಕೊಂಡೇ ಇರಲಿ. ಸೊಸೆಗೆ ಅತ್ತೆಯ ಹೆದರಿಕೆ ಸ್ವಲ್ಪ ಇರಬೇಕು," ಎಂದು, ಮತ್ತೆ ಹಳೆಯ ಗಟ್ಟಿ ದನಿಗೆ ಏರಿ, ಚಹಾ ಎಲ್ಲಿ ಎಂದು ಒಳಗೆ ಕೂಗಿದರು.

ಓಖ್ಲಾಕ್ಕೆ ಬಂದವನೇ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಮಧ್ಯದಲ್ಲಿ ಒಂದು ಸಲವೂ ಬಾಯಿ ಹಾಕಲಿಲ್ಲ. ಅವರು ಬಾಯಿ ಹಾಕದೆ ಕೇಳಿದ ಮಾತು ನನಗೆ ತಿಳಿದಂತೆ ಅದೊಂದೇ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಗಾಜು ಒರೆಸಿ ಮುಗಿದ ಮೇಲೆ ಕಣ್ಣೂ ಒರೆಸಿಕೊಂಡರು, ನನ್ನೆದುರಿಗೇ, ಮುಚ್ಚುಮರೆಯಿಲ್ಲದೆ.

"ಅವತ್ತು ಆ ಕೋಣೇಲಿ ಗೊತ್ತಿಲ್ಲದೋರು ಅಂತ ಇದ್ದದ್ದು ನಾವಿಬ್ಬರೇ ಕಣೋ ರಾಯಚೂರು," ಎಂದರು. "ಅವಳ ಅತ್ತೇನ ಬೇರೆ ಕೂಡಿಸಿ ಕೇಳಬೇಕು ಅಂತ ನನಗೆ ಹೊಳೀಲೇ ಇಲ್ಲ ನೋಡು. ಮುಂದಿನ ಸಲ ಅತ್ತೇನೂ ಕೇಳೋಣ."